ನಗಾರಿ ನಿಂತ ಊರು

ಪರಸ್ಥಳಕ್ಕೆ ಹೋದವನು ಹಗಲೆಲ್ಲ ಊರು ನೋಡಬೇಕು, ಕತ್ತಲಾದ ಮೇಲೆ ಉಂಡು ಮಲಗಬೇಕು. ಇದು ನಮ್ಮ ಹಿರಿಯರು ಹಾಕಿಕೊಟ್ಟ ಪದ್ಧತಿ. ದೇವಸ್ಥಾನದ ಬಾಗಿಲು ಹಾಕಿದ ಮೇಲೆ ನೋಡುವಂಥದು ಇನ್ನೇನಿದ್ದೀತು ಎಂಬುದು ಅವರ ವಾದ. ಚೀನಾ ದೇಶದ ಷಿಯಾನ್ ನಗರದಲ್ಲಿ, ಮಿತ್ರನ ಮನೆಯಲ್ಲಿ ಎಂಟು ದಿನ ಅತಿಥಿಯಾಗಿದ್ದು ಬಂದ ನನಗೆ, ಈ ಪದ್ಧತಿಯನ್ನು ಕೊಂಚ ಸಡಿಲಿಸುವುದು ಒಳ್ಳೆಯದೆಂದು ತೋರಿದೆ. ಕೆಲವು ಊರುಗಳು ಹಗಲಿನಲ್ಲಿ ತಮ್ಮ ಚರಿತ್ರೆಯನ್ನು ಹೇಳುತ್ತವೆ. ಮನಸ್ಸಿನ ಮಾತನ್ನು ರಾತ್ರಿಗೆಂದು ಉಳಿಸಿಕೊಂಡಿರುತ್ತವೆ.

ಷಿಯಾನ್ ಎಂದರೆ ನಮ್ಮ ಕಿವಿಗೆ ಹೊಸ ಹೆಸರು. ಅದೇ ಊರನ್ನು ಚಾಂಗಾನ್ ಎಂದು ಕರೆದರೆ ಅಷ್ಟು ಅಪರಿಚಿತವೆನ್ನಿಸದು. ತಾಂಗ್ ವಂಶದ ದೊರೆಗಳ ರಾಜಧಾನಿ ಅದು. ನಮ್ಮ ಹ್ಯುಯೆನ್ ತ್ಸಾಂಗ್ ಹೊರಟದ್ದು ಅಲ್ಲಿಂದ. 645ರಲ್ಲಿ 657 ಗ್ರಂಥಗಳನ್ನು ಕುದುರೆಗಳ ಮೇಲೆ ಹೇರಿಕೊಂಡು ಹಿಂತಿರುಗಿದ್ದು ಅಲ್ಲಿಗೆ. ಮರುವರ್ಷ ಅವನ ಪ್ರವಾಸದ ಗ್ರಂಥ ಸಿದ್ಧವಾಯಿತು. ಹರ್ಷನಿಗೂ ಮಣಿಯದ ಪುಲಕೇಶಿ, ಯುದ್ಧಕ್ಕೆ ಮುಂಚೆ ಮದ್ಯ ಕುಡಿಸಿ ನುಗ್ಗಿಸುತ್ತಿದ್ದ ಆನೆಗಳು — ಸ್ಕೂಲಿನಲ್ಲಿ ನಾವೆಲ್ಲ ಉರು ಹೊಡೆದ ಈ ಸಂಗತಿಗಳು ಚೀನೀ ಲಿಪಿಯಲ್ಲಿ ಮೂಡಿದ್ದು ಈ ಊರಿನಲ್ಲಿ. ಕನ್ನಡ ಪಾಠ ಹೇಳುವವನಿಗೆ ಅಲ್ಲಿಗೆ ಹೋಗಲು ಇಷ್ಟು ನೆಪ ಸಾಲದೆ?

ನನ್ನ ಮಿತ್ರ ಅಲ್ಲಿ ಇಂಗ್ಲಿಷ್ ಪಾಠ ಹೇಳುತ್ತ, ಏಳು ವರ್ಷದಿಂದ ಸಂಸಾರಸಮೇತನಾಗಿ ನೆಲಸಿದ್ದಾನೆ. ಬರುವ ಬೇಸಗೆಗೆ ಅವನ ಕರಾರು ಮುಗಿಯುತ್ತದೆ. ಮೈಸೂರಿಗೆ ಹಿಂತಿರುಗಬೇಕೆಂದು ಅವನ ಆಸೆ. ಈ ಮಾತು ಬಂದಾಗಲೆಲ್ಲ ಅತ್ತಿಗೆ ಮಾತ್ರ ತಟ್ಟೆ ತೆಗೆಯುವ ನೆಪದಿಂದ ಎದ್ದುಹೋಗುತ್ತಿದ್ದರು. ಕಾರಣವೇನೆಂದು ಮೊದಲ ಎರಡು ದಿನ ನನಗೆ ಹೊಳೆಯಲಿಲ್ಲ.

ಹಗಲಿನಲ್ಲಿ ಎಲ್ಲರೂ ನೋಡುವುದನ್ನು ನಾವೂ ನೋಡಿದೆವು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ ಮಣ್ಣಿನ ಸೈನ್ಯವನ್ನು ಕಂಡು ಬಂದೆವು. ಹದಿನಾಲ್ಕನೆಯ ಶತಮಾನದ ಕೋಟೆಗೋಡೆಯ ಮೇಲೆ ಬಾಡಿಗೆ ಸೈಕಲ್ ತುಳಿದೆವು. ಆ ಗೋಡೆಯ ಸುತ್ತಳತೆ ಸುಮಾರು 13.7 ಕಿಲೋಮೀಟರು, ಎತ್ತರ 12 ಮೀಟರು. ಅದರ ಮೇಲೆ ಎರಡು ಎತ್ತಿನ ಗಾಡಿಗಳು ಜೊತೆಜೊತೆಯಾಗಿ ಹೋಗಬಹುದು. ಗ್ರಂಥಗಳನ್ನು ಇಡಲೆಂದು 652ರಲ್ಲಿ ಕಟ್ಟಿಸಿದ ಕಾಡುಬಾತಿನ ಗೋಪುರವನ್ನೂ ಹತ್ತಿದೆವು. ಈಗ ಅದಕ್ಕೆ ಏಳು ಅಂತಸ್ತು. ಮಂಡಿನೋವಿನವರಿಗೆ ಮೂರು ಸಾಕು.

ಮೂರನೆಯ ಸಂಜೆ 1380ರಲ್ಲಿ ಕಟ್ಟಿದ ನಗಾರಿ ಗೋಪುರದ ಮೇಲೆ ನಿಂತಿದ್ದಾಗ ಮಿತ್ರ ಹಳೆಯ ಚಾಂಗಾನಿನ ಕಥೆ ಹೇಳಿದ. ಆ ಕಾಲದಲ್ಲಿ ನಗರವನ್ನು ನೂರಕ್ಕೂ ಹೆಚ್ಚು ಕೇರಿಗಳಾಗಿ ವಿಂಗಡಿಸಿ ಒಂದೊಂದು ಕೇರಿಗೂ ಗೋಡೆ ಹಾಕಿ ಬಾಗಿಲು ಇಟ್ಟಿದ್ದರಂತೆ. ಸಂಜೆ ನಗಾರಿ ಮೊಳಗುವುದು. ಆರು ನೂರು ಪೆಟ್ಟು ಬೀಳುವಷ್ಟರಲ್ಲಿ ಎಲ್ಲರೂ ಕೇರಿ ಸೇರಿಕೊಳ್ಳಬೇಕು. ಆಮೇಲೆ ಬಾಗಿಲು ಭದ್ರ. ಹೆದ್ದಾರಿಯಲ್ಲಿ ಸಿಕ್ಕಿಬಿದ್ದವನಿಗೆ ಇಪ್ಪತ್ತು ಬೆತ್ತದೇಟು. ವರ್ಷಾರಂಭದ ದೀಪೋತ್ಸವದ ಮೂರು ರಾತ್ರಿ ಮಾತ್ರ ಈ ಕಟ್ಟಳೆ ಸಡಿಲುತ್ತಿತ್ತು. ಹ್ಯುಯೆನ್ ತ್ಸಾಂಗನಾದರೂ ಸುಖವಾಗಿ ಹೊರಟವನೇನಲ್ಲ. ಗಡಿ ದಾಟಲು ಅರಸನ ಅಪ್ಪಣೆ ದೊರೆಯದೆ, ದಾರಿಯ ಮಧ್ಯೆ ಹಗಲೆಲ್ಲ ಅಡಗಿದ್ದು ರಾತ್ರಿ ನಡೆದನೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಊರು ಇರುಳಿಗೆ ಬೀಗ ಹಾಕಿದ ಕಾಲದಲ್ಲಿ ಆ ಭಿಕ್ಷುವಿಗೆ ದಾರಿ ಕೊಟ್ಟದ್ದು ಇರುಳೇ.

ಈಗ ಅದೇ ಊರು ಇರುಳನ್ನೇ ಅಂಗಡಿಯಲ್ಲಿಟ್ಟು ಮಾರುತ್ತಿದೆ. ನಗಾರಿ ಗೋಪುರದ ಹಿಂದೆಯೇ ಹುಯಿ ಮುಸಲ್ಮಾನರ ಕೇರಿ. ಸಂಜೆಯಾದೊಡನೆ ಅಲ್ಲಿ ಹೊಗೆ, ಕೂಗು, ಎಳ್ಳಿನ ವಾಸನೆ. ಸಸ್ಯಾಹಾರಿಗೆ ಅಲ್ಲಿ ಕಷ್ಟವೆಂದು ಹೆದರಿದ್ದೆ. ಆದರೆ ಲಿಯಾಂಗ್‌ಪಿ ಎಂಬ ಒಂದು ತಿಂಡಿಯುಂಟು: ಹಿಟ್ಟಿನ ತಣ್ಣನೆಯ ಹಾಳೆಯನ್ನು ಉದ್ದುದ್ದವಾಗಿ ಕುಯ್ದು, ಹುಳಿಯನ್ನೂ ಮೆಣಸಿನಕಾಯಿ ಎಣ್ಣೆಯನ್ನೂ ಕಲಸಿ ಕೊಡುತ್ತಾರೆ. ಮೂಗು ಕಣ್ಣುಗಳಲ್ಲಿ ನೀರು ಬಂದರೂ ಎರಡನೆಯ ತಟ್ಟೆಗೆ ಕೈ ಚಾಚಿದೆ. ಸೊಂಟದ ಪಟ್ಟಿಯಷ್ಟು ಅಗಲದ ಶ್ಯಾವಿಗೆಯೂ ಉಂಟು. ‘ಬಿಯಾಂಗ್’ ಎಂಬ ಅದರ ಹೆಸರನ್ನು ಬರೆಯಲು ಐವತ್ತಕ್ಕೂ ಹೆಚ್ಚು ಗೆರೆ ಬೇಕಂತೆ. ಒಂದು ಒತ್ತಕ್ಷರಕ್ಕೆ ನಿಟ್ಟುಸಿರು ಬಿಡುವ ನನ್ನ ವಿದ್ಯಾರ್ಥಿಗಳನ್ನು ನೆನೆದು ನಗು ಬಂತು.

ಗ್ರಂಥಗಳ ಗೋಪುರದ ದಕ್ಷಿಣಕ್ಕೆ ‘ಮಹಾ ತಾಂಗರ ರಾತ್ರಿಯಿಲ್ಲದ ನಗರಿ’ ಎಂಬ ಬೀದಿ ಇದೆ. ರಾತ್ರಿ ಬಾಗಿಲು ಹಾಕುತ್ತಿದ್ದ ದೊರೆಗಳ ಹೆಸರಿನಲ್ಲಿ ರಾತ್ರಿಯೇ ಇಲ್ಲದ ಬೀದಿ! ಮರಮರಕ್ಕೂ ದೀಪ, ಹೆಜ್ಜೆಗೊಂದು ಹಾಡು, ಹೆಜ್ಜೆಗೊಂದು ಕುಣಿತ. ಬಾಡಿಗೆಗೆ ತಂದ ತಾಂಗ್ ಕಾಲದ ಉಡುಪು ತೊಟ್ಟು, ಹಣೆಗೆ ಕೆಂಪು ಚಿತ್ತಾರ ಬರೆದುಕೊಂಡು, ತಲೆಯ ಮೇಲೆ ಹೂವಿನ ಗೋಪುರ ಕಟ್ಟಿಕೊಂಡ ಹುಡುಗಿಯರು ಗುಂಪುಗುಂಪಾಗಿ ಓಡಾಡುತ್ತಾರೆ. ಆ ಬೀದಿಯ ತಲೆಯಲ್ಲಿ ದಂಡ ಹಿಡಿದ ಹ್ಯುಯೆನ್ ತ್ಸಾಂಗನ ಕಂಚಿನ ಮೂರ್ತಿ ನಿಂತಿದೆ. ಈ ಗದ್ದಲವನ್ನು ಅವನು ಮೆಚ್ಚುತ್ತಿದ್ದನೋ ಇಲ್ಲವೋ, ತಿರುಗುವವರ ಮೇಲೆ ಸಿಟ್ಟಂತೂ ಆಗುತ್ತಿರಲಿಲ್ಲ.

ನನಗೆ ಈ ಝಗಝಗಕ್ಕಿಂತ ಹೆಚ್ಚು ಹಿಡಿಸಿದ್ದು ಮಿತ್ರನ ಮನೆಯ ಎದುರಿನ ಬಯಲು. ರಾತ್ರಿ ಊಟ ಮುಗಿಸಿ ಮೂವತ್ತು ನಾಲ್ವತ್ತು ಹೆಂಗಸರು, ಬಹುಪಾಲು ಅರವತ್ತು ದಾಟಿದವರು, ಧ್ವನಿವರ್ಧಕ ಇಟ್ಟುಕೊಂಡು ಸಾಲಾಗಿ ನಿಂತು ಕುಣಿಯುತ್ತಾರೆ. ನೋಡುವವರಿಗಾಗಿ ಅಲ್ಲ, ತಮಗಾಗಿ. ಅವರ ಹಿಂದಿನ ಸಾಲಿನಲ್ಲಿ, ಸೀರೆ ಬಿಟ್ಟು ಸಲ್ವಾರ್ ತೊಟ್ಟ ನಮ್ಮ ಅತ್ತಿಗೆ! ಕುಣಿದು ಬಂದು, ಬೆವರು ಒರಸಿಕೊಂಡು, ಕಲ್ಲುಬೆಂಚಿನ ಮೇಲೆ ಕುಳಿತು ಅವರೇ ಮಾತು ತೆಗೆದರು.

“ಮೇಷ್ಟ್ರೇ, ನಿಮ್ಮ ಸ್ನೇಹಿತರು ಊರು ಊರು ಅಂತಾರೆ. ನನಗೆ ಊರು ಬೇಡವೇ? ತಾಯಿಯ ಮನೆ ಬೇಡವೇ? ಆದರೆ ಇಲ್ಲಿ ರಾತ್ರಿ ಹನ್ನೊಂದಕ್ಕೆ ಮೊಸರು ಬೇಕು ಅನ್ನಿಸಿದರೆ ಒಬ್ಬಳೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ತರ್ತೀನಿ. ಹಿಂದೆ ಯಾರು ಬರ್ತಾರೆ ಅಂತ ತಿರುಗಿ ನೋಡೋದಿಲ್ಲ. ಅಲ್ಲಿ ಏಳು ಗಂಟೆಗೆ ನನ್ನ ದಿನ ಮುಗೀತಿತ್ತು. ಈ ನಾಲ್ಕು ಗಂಟೆ ನನಗೆ ಅಲ್ಲಿ ಯಾರು ಕೊಡ್ತಾರೆ?”

ಮಿತ್ರ ಉತ್ತರ ಕೊಡಲಿಲ್ಲ. ಬೆರಳೆತ್ತಿ ದೀಪದ ಕಂಬವನ್ನು ತೋರಿಸಿದ. ಅದರ ನೆತ್ತಿಯಲ್ಲಿ ಮೂರು ಕ್ಯಾಮರಾಗಳಿದ್ದುವು. “ಆಗ ನಗಾರಿ, ಈಗ ಇದು. ಇವಳಿಗೆ ಕಾವಲುಗಾರ ಕಾಣಿಸ್ತಾನೆ. ನನಗೆ ಕಣ್ಣು ಕಾಣಿಸುತ್ತೆ. ಬಾಗಿಲು ತೆಗೆದಿದ್ದಾರೆ ನಿಜ, ಯಾರು ಯಾವಾಗ ದಾಟಿದರು ಅನ್ನೋದು ಮಾತ್ರ ಬರೆದಿಟ್ಟಿರ್ತಾರೆ ಕಣಯ್ಯ.”

“ನಮ್ಮ ಬೀದಿಯಲ್ಲಿ ಕಣ್ಣು ಇರಲಿಲ್ಲವೇ?” ಎಂದರು ಅತ್ತಿಗೆ. “ಎದುರುಮನೆ ಕಿಟಕಿ, ಅಂಗಡಿ ಕಟ್ಟೆ, ಮೂಲೆಮನೆ ಜಗುಲಿ. ಅವೂ ಲೆಕ್ಕ ಇಡ್ತಿದ್ದವು. ಕಾಯ್ತಿರಲಿಲ್ಲ, ಅಷ್ಟೆ.”

ಇಬ್ಬರ ಮಾತೂ ನಿಜ. ಗಂಡ ಹೆಂಡಿರಿಬ್ಬರ ನಡುವೆ ಕುಳಿತ ಅತಿಥಿ ತೀರ್ಪು ಕೊಡುವುದು ಸಭ್ಯತೆಯೂ ಅಲ್ಲ. ನನ್ನ ಮನಸ್ಸು ಮಾತ್ರ ಮೈಸೂರಿಗೆ ಹಾರಿತ್ತು. ಕಾಲೇಜಿನಲ್ಲಿ ಓದುವ ಮಗಳು ನನಗೂ ಇದ್ದಾಳೆ. ಏಳೂವರೆ ದಾಟಿದರೆ ಅವಳ ತಾಯಿ ಗೇಟಿನ ಬಳಿ ನಿಲ್ಲುತ್ತಾಳೆ, ನಾನು ಫೋನು ಕೈಗೆತ್ತಿಕೊಳ್ಳುತ್ತೇನೆ. ನಮ್ಮಲ್ಲಿ ಯಾವ ಗೋಪುರದ ಮೇಲೂ ನಗಾರಿ ಹೊಡೆಯುವುದಿಲ್ಲ. ಆದರೂ ಮನೆಮನೆಯಲ್ಲೂ ಹೆಣ್ಣುಮಕ್ಕಳಿಗೆಂದು ಒಂದು ನಗಾರಿ ಉಂಟು. ಭಯವೂ ಅದನ್ನು ಬಾರಿಸುತ್ತದೆ, ಪ್ರೀತಿಯೂ ಬಾರಿಸುತ್ತದೆ. ಯಾವ ಪೆಟ್ಟು ಯಾರದೆಂದು ಕೇಳುವವಳಿಗೆ ತಿಳಿಯುವುದಿಲ್ಲ. ಯಾರ ಕಣ್ಣಿನ ಕೆಳಗೂ ಇರದ, ಯಾರ ಭಯವೂ ಇರದ ರಾತ್ರಿಯನ್ನು ಕೊಡುವ ಊರು ಎಲ್ಲಿದೆಯೋ ಕಾಣೆ. ಇದ್ದರೆ ಅದನ್ನು ಹುಡುಕಿಕೊಂಡು ಹದಿನಾರು ವರ್ಷ ನಡೆದರೂ ನಷ್ಟವಿಲ್ಲ.

ಹೊರಡುವ ಹಿಂದಿನ ರಾತ್ರಿ ಮನೆಗೆ ನಡೆದು ಬರುತ್ತಿದ್ದೆವು. ಹನ್ನೊಂದೂವರೆ ಇರಬೇಕು. ತಾಂಗ್ ಕಾಲದ ಉಡುಪಿನ ಒಬ್ಬ ಹುಡುಗಿ, ನನ್ನ ಮಗಳ ವಯಸ್ಸಿನವಳು, ರೇಷ್ಮೆಯ ನೆರಿಗೆಯನ್ನು ಎತ್ತಿ ಕಟ್ಟಿಕೊಂಡು ಬಾಡಿಗೆ ಸೈಕಲ್ ಹತ್ತಿದಳು. ತಲೆಯ ಹೂ ಒಂದು ಕಡೆಗೆ ವಾಲಿತ್ತು. ಯಾವುದೋ ಹಾಡನ್ನು ಗುನುಗುತ್ತ, ಒಬ್ಬಳೇ, ಕಂಬದ ಕಡೆಗೂ ನಮ್ಮ ಕಡೆಗೂ ನೋಡದೆ ಹೊರಟುಹೋದಳು. ಅತ್ತಿಗೆ ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತರು. ಮಿತ್ರನೂ ನಿಂತ, “ಹೋಗೋಣವೇ?” ಎಂದು ಅವನು ಆ ಹೊತ್ತು ಅವಸರಪಡಿಸಲಿಲ್ಲ.