ನಮ್ಮ ಮನೆಯವರು

"ಹುಡುಗೀರನ್ನ ಕರ್ಕೊಂಡು ಬರೋ ಹಾಗಿಲ್ಲ ನೋಡಿ."

ಓನರು ಹೀಗೆಂದಾಗ ನಾನೂ ಅವನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ, ಮಂಗಳಾರತಿಗೆ ನಿಂತವರ ಹಾಗೆ ಗಂಭೀರವಾಗಿ ತಲೆಯಾಡಿಸಿದೆವು. 2010ರ ಮಾತು. ಆ ಮನೆಯ ಷರತ್ತುಗಳಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂಬುದನ್ನು ಮೊದಲ ಭಾನುವಾರವೇ ಮುರಿದೆವು. ರಾತ್ರಿ ಹತ್ತರ ಮೇಲೆ ಗೇಟು ತೆಗೆಸಬಾರದೆಂಬುದು ಎರಡನೇ ವಾರಕ್ಕೆ ಬಿತ್ತು. ಹುಡುಗಿಯರ ಷರತ್ತನ್ನು ಮಾತ್ರ ಇವತ್ತಿನ ತನಕ ಮನಃಪೂರ್ವಕವಾಗಿ ಪಾಲಿಸಿಕೊಂಡು ಬಂದಿದ್ದೇವೆ. ಇಂಥ ಸಭ್ಯ ಬ್ಯಾಚುಲರುಗಳು ದುಡ್ಡು ಕೊಟ್ಟರೂ ಸಿಗುವುದಿಲ್ಲವೆಂದು ಓನರು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರಂತೆ.

ನನ್ನೂರು ತಿಪಟೂರು. ತೆಂಗು, ಕೊಬ್ಬರಿ, ರೈಲು. ಅಲ್ಲಿನ ಸಂತೆಯಲ್ಲಿ ಇಬ್ಬರು ಗಂಡಸರು ಕಿರುಬೆರಳು ಹೆಣೆದುಕೊಂಡು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಒಂದೇ ಚಾಪೆಯಲ್ಲಿ ಮಲಗಿದರೂ ಯಾರೂ ಕೇಳುವುದಿಲ್ಲ. 'ಗಳಸ್ಯ ಕಂಠಸ್ಯ' ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ಊರು ಸಂಪ್ರದಾಯಸ್ಥ, ಆದ್ದರಿಂದ ಅಲ್ಲಿ ಉಸಿರುಗಟ್ಟುತ್ತದೆ ಎಂದು ಸಲೀಸಾಗಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಇಪ್ಪತ್ತೈದರವರೆಗೆ ನನಗೆ ಉಸಿರು ಚೆನ್ನಾಗಿಯೇ ಆಡುತ್ತಿತ್ತು. ಇಪ್ಪತ್ತಾರಕ್ಕೆ ಜಾತಕ ಹೊರಗೆ ಬಂತು ನೋಡಿ, ಆಮೇಲೆ ಶುರುವಾಯಿತು. ಇಬ್ಬರು ಗಂಡಸರ ಸ್ನೇಹಕ್ಕೆ ನಮ್ಮೂರಲ್ಲಿ ಬೇಕಾದಷ್ಟು ಜಾಗವಿತ್ತು. ಒಬ್ಬ ಗಂಡಸು ಮದುವೆಯಾಗದೆ ಇರುವುದಕ್ಕೆ ಜಾಗವಿರಲಿಲ್ಲ. ನಾನು ಊರು ಬಿಟ್ಟದ್ದು ಪ್ರೀತಿ ಹುಡುಕಿಕೊಂಡು ಅಂತ ಈಗ ಚಂದಕ್ಕೆ ಹೇಳಿಕೊಳ್ಳಬಹುದು. ನಿಜವಾಗಿ ಬಿಟ್ಟದ್ದು ಅರಸೀಕೆರೆಯ ಕಡೆಯಿಂದ ಬಂದ ಒಂದು ಸಂಬಂಧಕ್ಕೆ ಹೆದರಿ. ಆ ಹುಡುಗಿ ಈಗ ಎಲ್ಲಿದ್ದರೂ ಸುಖವಾಗಿರಲಿ. ನಾನು ಆಕೆಗೆ ಮಾಡಿದ ಏಕೈಕ ಉಪಕಾರ ರೈಲು ಹತ್ತಿದ್ದು.

ಯಾವ ಊರಿಗೆ ಹೋಗುವುದು ಎಂಬ ಪ್ರಶ್ನೆಗೆ ಆಗ ನಮ್ಮಂಥವರು ಲೆಕ್ಕ ಹಾಕುತ್ತಿದ್ದ ರೀತಿಯೇ ಬೇರೆ. ಮೈಸೂರು ಚಂದ. ಆದರೆ ದೇವರಾಜ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆ ಕೊಳ್ಳುವಷ್ಟರಲ್ಲಿ ಸೋದರಮಾವನ ಸಹಪಾಠಿಯೊಬ್ಬರು ಸಿಕ್ಕೇ ಸಿಗುತ್ತಾರೆ. ಧಾರವಾಡದಲ್ಲಿ ಮಳೆ, ಸಾಹಿತ್ಯ, ಪೇಡೆ ಎಲ್ಲವೂ ಇವೆ, ಆದರೆ ಎಲ್ಲರಿಗೂ ಎಲ್ಲರೂ ಗೊತ್ತು. ಮಂಗಳೂರಿನ ಸಮುದ್ರದ ಮೇಲಿನ ಆಸೆ ಬೆಂಗಳೂರಿಗೆ ಬಂದ ಮೇಲೂ ಉಳಿದಿತ್ತು. 2009ರ ಜನವರಿಯಲ್ಲಿ ಅಲ್ಲಿಯ ಪಬ್ಬಿನಲ್ಲಿದ್ದ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದದ್ದನ್ನು ಟೀವಿಯಲ್ಲಿ ನೋಡಿದ ಮೇಲೆ ಆಸೆಯನ್ನು ಬಂಗುಡೆ ಮೀನಿಗಷ್ಟೇ ಸೀಮಿತಗೊಳಿಸಿದೆ. ಮುಂಬೈಗೆ ಹೋದವರು ಹೋದರು. ನನಗೆ ಹಿಂದಿ ಬರುತ್ತಿರಲಿಲ್ಲ.

ಹಿಂದಿಯ ಮಾತು ಬಂತಲ್ಲ, ಇದೊಂದನ್ನು ಹೇಳಿಬಿಡುತ್ತೇನೆ. ಹಿಂದಿಯಲ್ಲಿ ಕ್ರಿಯಾಪದ ಬಾಯಿಬಡುಕ. ಬಂದದ್ದು ಗಂಡೋ ಹೆಣ್ಣೋ ಎಂದು ತಾನೇ ಸಾರಿಬಿಡುತ್ತದೆ. ಇಂಗ್ಲಿಷಿನಲ್ಲಿ ಹೀ, ಶೀ ಎಂದು ಬಾಯಿ ತೆರೆದ ತಕ್ಷಣ ಸಿಕ್ಕಿಬಿದ್ದೆ. ಕನ್ನಡದಲ್ಲಿ ಹಾಗಲ್ಲ, ಇಲ್ಲಿ 'ಅವರು' ಇದ್ದಾರೆ. "ಅವರು ಬಂದ್ರು", "ಅವರಿಗೆ ಹುಷಾರಿಲ್ಲ", "ಅವರು ಹಾಗಲಕಾಯಿ ತಿನ್ನಲ್ಲ." ಗೌರವದ ಸೆರಗಿನಡಿ ಗಂಡು ಹೆಣ್ಣು ಎರಡೂ ಮರೆಯಾಗುತ್ತವೆ. ಹದಿನೈದು ವರ್ಷದಿಂದ ಅಮ್ಮನ ಜೊತೆ ಫೋನಿನಲ್ಲಿ ಈ ಒಂದು ಸರ್ವನಾಮದ ಮೇಲೆ ಸಂಸಾರ ನಡೆಸಿದ್ದೇನೆ. ಅಮ್ಮನೂ ಕಡಿಮೆಯವಳಲ್ಲ. "ಅವರದ್ದೂ ಊಟ ಆಯ್ತಾ?" ಎನ್ನುತ್ತಾಳೆ. ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಿದೆ, ನನಗೆ ಗೊತ್ತಿದೆಯೆಂದು ಅವಳಿಗೆ ಗೊತ್ತಿದೆ, ವ್ಯಾಕರಣವೊಂದು ನಡುವೆ ಕೂತು ಮೂವರ ಮಾನ ಕಾಯುತ್ತದೆ.

ಅದೇ ಕನ್ನಡ, ನಮ್ಮನ್ನು ಕರೆಯುವ ಹೊತ್ತಿಗೆ ಮಾತ್ರ ಎಡವುತ್ತದೆ. ಪತ್ರಿಕೆಯವರು 'ಸಲಿಂಗಕಾಮಿ' ಎನ್ನುತ್ತಾರೆ. ಬೆಳಿಗ್ಗೆ ಎದ್ದು ಹಾಲು ಕಾಯಿಸಿ, ಕರೆಂಟು ಬಿಲ್ಲು ಕಟ್ಟಿ, ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕಳೆದು, ರಾತ್ರಿ ಬಂದು ಮಜ್ಜಿಗೆಹುಳಿ ಉಂಡು ಮಲಗುವವರ ಕೊರಳಿಗೆ ಆ 'ಕಾಮಿ'ಯನ್ನು ಯಾಕೆ ಕಟ್ಟಿದರೋ! ಹಾಗಾದರೆ ಗಂಡ ಹೆಂಡಿರನ್ನು ಭಿನ್ನಲಿಂಗಕಾಮಿ ದಂಪತಿಗಳೆಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಲಿ. ಸಭೆಗಳಲ್ಲಿ 'ಲೈಂಗಿಕ ಅಲ್ಪಸಂಖ್ಯಾತರು' ಎನ್ನುತ್ತಾರೆ, ಸರ್ಕಾರಿ ಸುತ್ತೋಲೆಯ ವಾಸನೆ. ಕಬ್ಬನ್ ಪಾರ್ಕಿನ ಬೆಂಚುಗಳ ಮೇಲಿನ ಭಾಷೆ ಬೇರೆ: ಕೋತಿ, ಪಂತಿ, ಡಬಲ್ ಡೆಕ್ಕರ್. ಆ ಕೊನೆಯದು ನಮ್ಮ ಕಡೆಯವರದ್ದೇ ಟಂಕಸಾಲೆ ಎಂದು ನನ್ನ ಊಹೆ. ಬಿ.ಟಿ.ಎಸ್. ಬಸ್ಸು ಕಂಡವರಿಗಲ್ಲದೆ ಬೇರೆಯವರಿಗೆ ಅದು ಹೊಳೆಯುವುದುಂಟೆ?

ಬೆಂಗಳೂರಿಗೆ ಬಂದಾಗ ನನಗೆ ಏನೂ ಗೊತ್ತಿರಲಿಲ್ಲ. 1994ರಲ್ಲೇ ಇಲ್ಲಿ ಒಂದು ಗುಂಪು ಕಟ್ಟಿ 'ಗುಡ್ ಆ್ಯಸ್ ಯೂ' ಎಂದು ಹೆಸರಿಟ್ಟಿದ್ದರು, ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿದರೆ 'ಗೇ' ಆಗುವಂತೆ. ಅದನ್ನು ಯಾರೋ ಬಿಡಿಸಿ ಹೇಳಿದಾಗ ಒಗಟು ಬಿಡಿಸಿದಷ್ಟು ಖುಷಿಯಾಗಿತ್ತು. 2008ರ ಜೂನ್ 29ರಂದು ಕೋಲ್ಕತ್ತ, ದೆಹಲಿಗಳಲ್ಲಿ ಮೆರವಣಿಗೆ ಹೊರಟ ದಿನವೇ ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆಯೂ ಟೌನ್ ಹಾಲ್ ಕಡೆಗೆ ಬಂತು. ನಾನು ಅದರಲ್ಲಿ ಇರಲಿಲ್ಲ. ಎದುರಿನ ರಸ್ತೆಯಲ್ಲಿ ಬಸ್ಸಿಗೆ ಕಾಯುವವನಂತೆ ನಿಂತಿದ್ದೆ. ತಮಟೆ ಬಡಿಯುತ್ತಿತ್ತು, ಹಲವರು ಮುಖವಾಡ ಹಾಕಿದ್ದರು, ಕೆಲವರು ಹಾಕಿರಲಿಲ್ಲ. ನಮ್ಮ ಕಡೆಯ ಬಸ್ಸು ಮೂರು ಬಂದು ಮೂರೂ ಹೋದವು. ಪಕ್ಕದಲ್ಲಿದ್ದ ಯಜಮಾನರೊಬ್ಬರು "ಯಾವ ಪಾರ್ಟಿದು?" ಅಂದರು. ಗೊತ್ತಿಲ್ಲ ಅಂದೆ. ಅವರು ಕ್ಷಣ ನೋಡಿ, "ಒಳ್ಳೇ ಕುಣೀತಾರೆ," ಎಂದು ತಮ್ಮ ಬಸ್ಸು ಹತ್ತಿದರು. ಬೆಂಗಳೂರೆಂದರೆ ಇಷ್ಟೇ ಎಂದು ನನಗೆ ಈಗಲೂ ಅನ್ನಿಸುವುದು. ಈ ಊರು ನಮ್ಮನ್ನು ಅಪ್ಪಿಕೊಂಡಿಲ್ಲ, ಅದಕ್ಕೆ ಪುರುಸೊತ್ತಿಲ್ಲ. ತಿಪಟೂರಿನಲ್ಲಿ ಮೊದಲ ಪ್ರಶ್ನೆ "ಯಾರ ಮಗ?" ಇಲ್ಲಿ ಮೊದಲ ಪ್ರಶ್ನೆ "ಅಡ್ವಾನ್ಸ್ ಹತ್ತು ತಿಂಗಳದು, ಆಗುತ್ತಾ?" ಮೊದಲನೆಯದಕ್ಕಿಂತ ಎರಡನೆಯದಕ್ಕೆ ಉತ್ತರ ಹೇಳುವುದು ಸುಲಭ, ಸಾಲ ಸಿಕ್ಕರೆ.

ಈ ಸಲೀಸು ಎಲ್ಲರಿಗೂ ಅಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಹತ್ತಿರ ಸಂಬಳದ ಚೀಟಿಯಿತ್ತು, ಮುಖದ ಮೇಲೆ ಮೀಸೆಯಿತ್ತು, "ನಾನ್‌ವೆಜ್ ಮಾಡ್ತೀರಾ?" ಎಂದು ಓನರು ಕೇಳಿದ ಜಾತಿಯ ಪ್ರಶ್ನೆಗೆ ನಾವು ಬಂಗುಡೆಯನ್ನು ನುಂಗಿಕೊಂಡು ಕೊಟ್ಟ ಹಸೀ ಸುಳ್ಳಿತ್ತು. ಇಬ್ಬರು ಹೆಣ್ಣುಮಕ್ಕಳು ಇದೇ ರೀತಿ ಊರು ಬಿಟ್ಟು ಬಂದರೆ ಹಿಂದೆಯೇ ನಾಪತ್ತೆ ದೂರು ಬರುತ್ತದೆ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪನ ಕಾಲಿಗೆ ಬೀಳುವ ಜನವೇ ಅದೇ ಜೋಗಪ್ಪನಿಗೆ ಬಾಡಿಗೆಗೆ ಒಂದು ಕೋಣೆ ಕೊಡುವುದಿಲ್ಲ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಟೀವಿ ಮುಂದೆ ಚಪ್ಪಾಳೆ ಹೊಡೆದವರಲ್ಲಿ ನಮ್ಮ ಓನರೂ ಒಬ್ಬರು. ಅವರ ಕೆಳಗಿನ ಪೋರ್ಷನ್ನು ಆಗ ಖಾಲಿಯಿತ್ತು. ಕೇಳಬೇಕು ಅನ್ನಿಸಿತ್ತು. ಕೇಳಲಿಲ್ಲ.

ನಾವು ಮನೆ ಹಿಡಿದದ್ದು ದೆಹಲಿ ಹೈಕೋರ್ಟು 2009ರ ಜುಲೈ 2ರಂದು, ನಮ್ಮಂಥವರನ್ನು ಅಪರಾಧಿಗಳೆನ್ನುತ್ತಿದ್ದ 377ನೇ ಸೆಕ್ಷನ್ನಿಗೆ ಕಡಿವಾಣ ಹಾಕಿದ ಧೈರ್ಯದ ಮೇಲೆ. 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟು ಆ ಕಡಿವಾಣ ಬಿಚ್ಚಿತು. ಬೆಳಿಗ್ಗೆ ದೋಸೆ ಹುಯ್ಯುವಾಗ ಬಾಡಿಗೆದಾರರಾಗಿದ್ದವರು ಮಧ್ಯಾಹ್ನಕ್ಕೆ ಜೀವಾವಧಿಯವರೆಗೆ ಶಿಕ್ಷೆಗೆ ಅರ್ಹರಾದೆವು. ಅದೇ 2013ರಲ್ಲಿ ವಸುಧೇಂದ್ರರ 'ಮೋಹನಸ್ವಾಮಿ'ಯೂ ಬಂತು. ನಮ್ಮ ಬದುಕು ಕನ್ನಡದಲ್ಲಿ, ಅಂಗಡಿಯಲ್ಲಿ, ಬೆಲೆ ಸಮೇತ. ಕೊಂಡು ತಂದು ಶಾಲೆಯ ಪುಸ್ತಕದಂತೆ ಪೇಪರಿನ ಬೈಂಡು ಹಾಕಿದ್ದೆ. ಅವನು ಅದನ್ನು ಕಿತ್ತು, ಹಾಗೇ ಟೀಪಾಯಿಯ ಮೇಲಿಟ್ಟ. ಒಂದು ದಿನ ಓನರ ಹೆಂಡತಿ ನೀರಿನ ಬಿಲ್ಲು ಕೊಡಲು ಬಂದವರು "ಓದಿ ಕೊಡ್ತೀನಿ" ಎಂದು ಎತ್ತಿಕೊಂಡು ಹೋಗಿಬಿಟ್ಟರು. ನನಗೆ ಒಂದು ತಿಂಗಳು ನಿದ್ದೆಯಿಲ್ಲ. ಬೇರೆ ಮನೆ ನೋಡಿಟ್ಟುಕೊಳ್ಳೋಣ ಎಂದು ಬ್ರೋಕರಿಗೂ ಹೇಳಿದ್ದೆ. ತಿಂಗಳಾದ ಮೇಲೆ ಪುಸ್ತಕ ವಾಪಸು ಬಂತು, ಮೇಲೊಂದು ಡಬ್ಬಿ ಕೋಡುಬಳೆ. ಪುಸ್ತಕದ ಬಗ್ಗೆ ಒಂದು ಮಾತಿಲ್ಲ. "ಖಾರ ಜಾಸ್ತಿ ಆಯ್ತೇನೋ," ಅಂದರು, ಅಷ್ಟೇ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಮತ್ತೆ ನಮ್ಮನ್ನು ಅಪರಾಧದಿಂದ ಬಿಡಿಸಿತು. ಸಂತೋಷ. ಆದರೆ ಅಂದಿನಿಂದ ತಿಪಟೂರಿಗೂ 'ಸಲಿಂಗಕಾಮಿ' ಎಂಬ ಪದ ಗೊತ್ತಾಯಿತು! ಮುಂದಿನ ಜಾತ್ರೆಯಲ್ಲಿ ನಾವಿಬ್ಬರೂ ನಡೆಯುವಾಗ ಚಿಕ್ಕಪ್ಪನ ಕಣ್ಣು ಮೊದಲ ಬಾರಿಗೆ ನಮ್ಮ ಕಿರುಬೆರಳುಗಳ ಮೇಲೆ ಬಿತ್ತು. ಕಾನೂನು ಬಾಗಿಲು ತೆರೆದ ದಿನವೇ ಗಳಸ್ಯ ಕಂಠಸ್ಯದ ಪರದೆಯೂ ಬಿತ್ತು. ಬೆಂಗಳೂರಿನ ಆಫೀಸುಗಳಲ್ಲಿ ಜೂನ್ ಬಂದರೆ ಕಾಮನಬಿಲ್ಲಿನ ಕೇಕು. ನಮ್ಮ ಮೆರವಣಿಗೆ ಇರುವುದು ನವೆಂಬರಿನ ಸುಮಾರಿಗೆ, ಆದರೆ ಕೇಕು ಅಮೆರಿಕದ ಪಂಚಾಂಗ ನೋಡಿ ಬರುತ್ತದೆ.

2023ರ ಅಕ್ಟೋಬರ್ 17ರಂದು ಮದುವೆ ನಮ್ಮ ಕೈಲಾಗದು, ಸಂಸತ್ತನ್ನು ಕೇಳಿ ಎಂದು ಕೋರ್ಟು ಹೇಳಿತು. ಮರುವರ್ಷ ಕೇಂದ್ರ ಸರ್ಕಾರ ಎರಡು ಪತ್ರ ಹೊರಡಿಸಿತು: ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಬಹುದು. ಅಗ್ನಿಸಾಕ್ಷಿ ಇಲ್ಲ, ಅಕ್ಕಿ ಸಾಕ್ಷಿ. ಅಲ್ಲಿಯವರೆಗೆ ನಮ್ಮಿಬ್ಬರ ಹೆಸರು ಒಟ್ಟಿಗಿದ್ದ ಕಾಗದ ಲೋಕದಲ್ಲಿ ಒಂದೇ ಒಂದು, ಬಾಡಿಗೆ ಕರಾರುಪತ್ರ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕೆಂದು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರಲ್ಲ, ಹಾಗಾಗಿ ಹನ್ನೊಂದು ತಿಂಗಳಿಗೊಮ್ಮೆ ಛಾಪಾ ಕಾಗದದ ಮೇಲೆ, ಇಬ್ಬರು ಸಾಕ್ಷಿಗಳ ಮುಂದೆ, ನಾವು ಮತ್ತೆ ಮತ್ತೆ ಒಂದೇ ಸೂರಿಗೆ ಸಹಿ ಹಾಕುತ್ತೇವೆ. ಹದಿನಾರು ಸಲ ಆಯಿತು. ಪ್ರತಿ ಸಲವೂ ಬಾಡಿಗೆ ಏರುತ್ತದೆ. ಮದುವೆಯಾದವರೂ ಖರ್ಚಿನ ಬಗ್ಗೆ ಹೀಗೆಯೇ ಗೊಣಗುತ್ತಾರೆ.

ಓನರು ಈಗ ಹಾಸಿಗೆ ಹಿಡಿದಿದ್ದಾರೆ. ಹೋದ ತಿಂಗಳು ಕಾಗದಪತ್ರದ ವ್ಯವಹಾರಕ್ಕೆ ಅವರ ಹೆಂಡತಿಯೇ ಕೂತರು. ನಾನೊಬ್ಬನೇ ಹೋಗಿ ಸಹಿ ಹಾಕಿ ಎದ್ದೆ. ಆಕೆ ಕನ್ನಡಕ ಸರಿಮಾಡಿಕೊಂಡು ಕಾಗದದ ಕೊನೆ ನೋಡಿದರು.

"ನಿಮ್ಮ ಮನೆಯವರ ಸಹಿ ಎಲ್ಲಿ?"

ಯಾವ ಅರ್ಥದಲ್ಲಿ ಅಂದರೋ. ಆ ಪದದಲ್ಲಿ ಎಲ್ಲ ಅರ್ಥವೂ ಇದೆ. ನಾನು ಬಾಗಿಲಿಗೆ ಹೋಗಿ ಮೇಲಕ್ಕೆ ಕೂಗಿದೆ.

"ಒಗ್ಗರಣೆ ಇಟ್ಟಿದೀನಿ," ಮೇಲಿನಿಂದ ಉತ್ತರ ಬಂತು, "ಐದು ನಿಮಿಷ ಇರೋಕೆ ಹೇಳು."