ವಾರ್ತೆಯೂ ಹಾಡೂ

ದಾಂಡೇಲಿಯಲ್ಲಿ ನಾನು ಬೆಳೆದ ಮನೆಗೆ ಎರಡು ಸದ್ದುಗಳು ದಿನವೂ ತಪ್ಪದೆ ಬರುತ್ತಿದ್ದವು. ಒಂದು, ಕಾಗದದ ಕಾರ್ಖಾನೆಯ ಭೋಂಗಾ. ಇನ್ನೊಂದು, ಧಾರವಾಡ ಆಕಾಶವಾಣಿ. ಮೊದಲನೆಯದು ತಂದೆಯವರನ್ನು ಕೆಲಸಕ್ಕೆ ಕರೆಯುತ್ತಿತ್ತು. ಎರಡನೆಯದು ನನ್ನನ್ನು ಕೆಲಸದಿಂದ ತಪ್ಪಿಸುತ್ತಿತ್ತು. 1950ರಲ್ಲಿ ಆರಂಭವಾದ ಆ ಬಾನುಲಿ ಕೇಂದ್ರವು ನಮ್ಮಂಥ ಕಾಡಂಚಿನವರಿಗೆ ಸಂಗೀತದ ಪಾಠಶಾಲೆಯೇ ಆಗಿತ್ತು. ಮಲ್ಲಿಕಾರ್ಜುನ ಮನಸೂರರು ಅಪರೂಪದ ರಾಗವೊಂದನ್ನು ಎತ್ತಿಕೊಂಡರೆ, ಅವರು ಉಸಿರೆಳೆದುಕೊಂಡದ್ದು ಎಲ್ಲಿ ಎಂಬುದೇ ತಿಳಿಯುತ್ತಿರಲಿಲ್ಲ. ಭೀಮಸೇನ ಜೋಶಿಯವರ ಕಂಠದಲ್ಲಿ ದಾಸರ ಪದ ಕೇಳಿಬಂದಾಗ ತಾಯಿಯೂ ಒಲೆಯ ಉರಿ ತಗ್ಗಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸಂಗೀತ ಮುಗಿದು ವಾರ್ತೆ ಮೊದಲಾಯಿತೆಂದರೆ ನಾನು ರೇಡಿಯೋದ ಕಿವಿ ಹಿಂಡಿಬಿಡುತ್ತಿದ್ದೆ. ತಂದೆಯವರಿಗೆ ಬೇಕಾದದ್ದು ವಾರ್ತೆಯೇ! ಈ ಜಗಳ ನಮ್ಮ ಮನೆಯಲ್ಲಿ ಬಹುಕಾಲ ನಡೆಯಿತು.

ಎಲ್ಲರಿಗಿಂತ ಹೆಚ್ಚಾಗಿ ನಾನು ಮೆಚ್ಚಿದ್ದು ಗಂಗೂಬಾಯಿ ಹಾನಗಲ್ಲರನ್ನು. ಗಂಟಲಿನ ಚಿಕಿತ್ಸೆಯ ತರುವಾಯ ಅವರ ದನಿ ಗಡುಸಾಯಿತು. ಆ ಗಡಸುತನವೇ ಅವರ ಹಾಡಿನ ಘನತೆಯಾಯಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಎದುರಿಗೆ, ಬಾಲೆಯಾಗಿ ಸ್ವಾಗತಗೀತೆ ಹಾಡಿದವರು ಅವರು. ಅಂಥವರನ್ನೂ ಹಾಡುವವಳೆಂದು ಜನ ಮೂದಲಿಸಿದ್ದರು. ಆ ಸಂಗತಿಯನ್ನು ಓದಿದಾಗ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮೂದಲಿಸುವವರ ಸಾಲಿನಲ್ಲಿ ನಾನೂ ಒಮ್ಮೆ ನಿಂತೇನೆಂದು ಆಗ ಎಣಿಸಿರಲಿಲ್ಲ.

ಹಳಿಯಾಳ ತಾಲ್ಲೂಕಿನ ಶಾಲೆಯೊಂದರಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದೆ. ಹಿಂದಿನ ಸಾಲಿನಲ್ಲಿ ಸಿದ್ದಿ ಜನಾಂಗದ ಹುಡುಗನೊಬ್ಬ ಕೂರುತ್ತಿದ್ದ. ಬಿಡುವು ಸಿಕ್ಕರೆ ಸಾಕು, ಬೆಂಚಿನ ಮೇಲೆ ಅವನ ಬೆರಳುಗಳು ಕುಣಿಯುತ್ತಿದ್ದವು. ಸ್ನೇಹಸಮ್ಮೇಳನ ಹತ್ತಿರ ಬಂದಾಗ, "ಸರ್, ನಮ್ಮ ದಮಾಮಿ ತರಲೇ?" ಎಂದು ಕೇಳಿದ. "ಅದು ಸದ್ದು ಕಣಯ್ಯ, ಸಂಗೀತವಲ್ಲ" ಎಂದೆ. ತರಗತಿ ನಕ್ಕಿತು. ವರ್ಷ ಮುಗಿಯುವವರೆಗೂ ಆ ಬೆರಳುಗಳು ಮತ್ತೆ ಅಲುಗಲಿಲ್ಲ. ಅದನ್ನು ಶಿಸ್ತೆಂದು ನಾನು ಬಗೆದೆ.

ಮುಂದೆ ಮುಂಡಗೋಡಿಗೆ ವರ್ಗವಾಯಿತು. 1966ರಿಂದ ಅಲ್ಲಿ ನೆಲೆಸಿದ ಟಿಬೆಟನ್ನರ ಮಠದಲ್ಲಿ ನೀಳವಾದ ಕಹಳೆಗಳು ಮೊಳಗುವುದನ್ನು ನಾನು ಬೆರಗಿನಿಂದ ಕೇಳಿದೆ. ಒಂದಕ್ಷರವೂ ತಿಳಿಯದ ಆ ಘೋಷಕ್ಕೆ ತಲೆದೂಗಿದವನು, ನೆರೆಮನೆಯ ಚರ್ಮವಾದ್ಯವನ್ನು ಹೊರಗಿಟ್ಟಿದ್ದೆನಲ್ಲ!

2003ರಲ್ಲಿ ಒಂದು ದಿನ ವಾರ್ತೆ ಆರಂಭವಾಯಿತು. ರೇಡಿಯೋದ ಕಡೆ ಕೈ ಚಾಚಿದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದ ಸುದ್ದಿ ಅದು. ಚಾಚಿದ ಕೈ ಹಾಗೆಯೇ ನಿಂತಿತು. ಆಫ್ರಿಕಾದ ಪೂರ್ವ ತೀರದಿಂದ ಗುಲಾಮರಾಗಿ ಬಂದು, ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಈ ಕಾಡುಗಳನ್ನು ಹೊಕ್ಕವರ ಸಂತತಿ ನನ್ನ ತರಗತಿಯಲ್ಲಿಯೇ ಇತ್ತು. ಆ ಹಿಂದಿನ ಸಾಲಿನ ಕಥೆಯನ್ನು ನಾನೆಂದೂ ಕೇಳಿರಲಿಲ್ಲ. ಅಂದಿನಿಂದ ವಾರ್ತೆ ಮುಗಿಯುವವರೆಗೂ ರೇಡಿಯೋ ಮುಟ್ಟುವುದನ್ನು ಬಿಟ್ಟೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡ ಸುದ್ದಿಯನ್ನೂ ಪೂರ್ತಿಯಾಗಿ ಕೇಳಿದೆ.

ನಿವೃತ್ತಿಯ ಬಳಿಕ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಅವನ ತಲೆಯೂ ನರೆತಿತ್ತು. ಹಳೆಯದನ್ನು ನಾನೇ ಎತ್ತಿದೆ. ಅವನು ಮಾತನಾಡದೆ ಒಳಗಿನಿಂದ ದಮಾಮಿಯನ್ನು ತಂದ. ಟೊಳ್ಳಾದ ಮರಕ್ಕೆ ಚರ್ಮ ಬಿಗಿದ ವಾದ್ಯ. ಅಂಗಳದಲ್ಲಿ ಹೆಂಗಸರು ಕೊಂಕಣಿ ಬೆರೆತ ತಮ್ಮ ನುಡಿಯಲ್ಲಿ ಪದವೆತ್ತಿದರು. ತೀನ್‌ತಾಲದ ಹದಿನಾರು ಮಾತ್ರೆಗಳನ್ನು ಎಣಿಸಬಲ್ಲೆನೆಂಬ ಜಂಬದಿಂದ ನಾನೂ ತೊಡೆ ತಟ್ಟಿ ತಾಳ ಹಾಕಹೊರಟೆ. ಎರಡೇ ಸುತ್ತಿಗೆ ತಪ್ಪಿತು. ಬಳಿಯಲ್ಲಿ ಕುಳಿತಿದ್ದ ಅಜ್ಜಿ, "ಹಾಗಲ್ಲ ಮಾಸ್ತರರೇ" ಎಂದು ನಕ್ಕು, ನನ್ನ ಮುಂಗೈ ಹಿಡಿದು ಮೊದಲಿನಿಂದ ತಟ್ಟಿಸಿದಳು.