ಹಾದಿಯಿಲ್ಲದ ಶಿಖರಗಳು

ಎತ್ತರಕ್ಕೆ ಏರಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಆದರೆ ಏರಲು ಕಾಲುದಾರಿಯಿಲ್ಲದ, ಏರಿದ ಮೇಲೂ ಮರಗಳ ಮರೆಯಿಂದಾಗಿ ಕಣ್ತುಂಬ ನೋಟ ದೊರೆಯದ ಬೆಟ್ಟವನ್ನು ಒಬ್ಬನು ಏಕೆ ಏರಬೇಕು? ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡಾಕ್ ಪರ್ವತಗಳ ಕಥೆ ಈ ಪ್ರಶ್ನೆಯನ್ನು ಕುರಿತು ಚಿಂತಿಸುವಂತೆ ಮಾಡುತ್ತದೆ.

1918ರ ಬೇಸಗೆಯಲ್ಲಿ ರಾಬರ್ಟ್ ಮಾರ್ಷಲ್, ಜಾರ್ಜ್ ಮಾರ್ಷಲ್ ಎಂಬ ಇಬ್ಬರು ಸಹೋದರರು ವೈಟ್‌ಫೇಸ್ ಶಿಖರವನ್ನೇರಿದರು. ಹಿರಿಯವನಿಗೆ ಹದಿನೇಳು ವರ್ಷ, ಕಿರಿಯವನಿಗೆ ಹದಿನಾಲ್ಕು. ಜೊತೆಗಿದ್ದವನು ಅವರ ಮನೆಯವರ ಮಾರ್ಗದರ್ಶಿ ಹರ್ಬರ್ಟ್ ಕ್ಲಾರ್ಕ್. 4,000 ಅಡಿಗಿಂತ ಎತ್ತರವೆಂದು ಅಂದಿನ ನಕಾಶೆಗಳು ತೋರಿದ 46 ಶಿಖರಗಳನ್ನೂ ಈ ಮೂವರು 1925ರೊಳಗೆ ಏರಿ ಮುಗಿಸಿದರು. ಅವುಗಳಲ್ಲಿ ಬಹುಪಾಲಿಗೆ ಆಗ ಹಾದಿಯೇ ಇರಲಿಲ್ಲ. ಕಾಡನ್ನು ಓದುವ ವಿದ್ಯೆಯನ್ನು ಹುಡುಗರು ಪುಸ್ತಕದಿಂದ ಪಡೆಯಲಿಲ್ಲ. ವಯಸ್ಸಿನಲ್ಲಿ ಬಹಳ ಹಿರಿಯನಾದ ಕ್ಲಾರ್ಕನ ಹಿಂದೆ ನಡೆದು ಪಡೆದರು. ಗುರುವಿನ ಹೆಜ್ಜೆಯೇ ಅಲ್ಲಿ ಪಾಠವಾಗಿತ್ತು.

ಆ ವಿದ್ಯೆ ಸುಲಭವಾದುದಲ್ಲ. ನಕಾಶೆ, ದಿಕ್ಸೂಚಿಗಳನ್ನು ಹಿಡಿದು ತೊರೆಯೊಂದರ ಗುಂಟ ಏರಬೇಕು. ತೊರೆ ಬತ್ತಿದಲ್ಲಿ ಬೆಟ್ಟದ ಏಣನ್ನು ಹುಡುಕಿಕೊಳ್ಳಬೇಕು. ಮೇಲಕ್ಕೆ ಹೋದಂತೆ ಸ್ಪ್ರೂಸ್ ಮತ್ತು ಫರ್ ಮರಗಳು ಕುಳ್ಳಾಗಿ, ಒತ್ತಾಗಿ ಬೆಳೆದು ಮುಖ ಮೈಗಳನ್ನು ಗೀರುತ್ತವೆ. ಗಾಳಿಗೆ ಉರುಳಿದ ಮರಗಳು ಅಡ್ಡಲಾಗಿ ಬಿದ್ದಿರುತ್ತವೆ. ಬೇಸಗೆಯ ಹಗಲು ದೀರ್ಘವಾದುದೇನೋ ನಿಜ. ಆದರೆ ಜೂನ್ ತಿಂಗಳಲ್ಲಿ ರಕ್ತ ಹೀರುವ ಕರಿನೊಣಗಳ ಕಾಟ ಹೇಳತೀರದು. ಒಂದು ಮೈಲಿ ಸಾಗಲು ಗಂಟೆಗಟ್ಟಲೆ ಹಿಡಿಯುವುದುಂಟು. ಆದರೂ ಇಡುವ ಪ್ರತಿ ಹೆಜ್ಜೆಯನ್ನೂ ನೋಡಿಯೇ ಇಡಬೇಕಾಗಿರುವುದರಿಂದ ನಡೆಯುವವನ ಮನಸ್ಸು ಎಲ್ಲಿಯೂ ಅಲೆಯುವುದಿಲ್ಲ. ನೋಟವಿಲ್ಲದ ಶಿಖರ ಕೊಡುವ ಮೊದಲನೆಯ ಲಾಭ ಇದೇ.

ಮಾರ್ಷಲ್ ಸಹೋದರರ ಹಿಂದೆಯೇ ಇತರರೂ ಬಂದರು. 1937ರಲ್ಲಿ ಗ್ರೇಸ್ ಹುಡೋವಾಲ್‌ಸ್ಕಿ ಎಂಬ ಮಹಿಳೆ 46ನ್ನೂ ಏರಿದ ಮೊದಲ ಸ್ತ್ರೀಯೆನಿಸಿದರು. ಮುಂದೆ ಆರೋಹಿಗಳು ಕಟ್ಟಿಕೊಂಡ ಸಂಘದ ಇತಿಹಾಸಕಾರ್ತಿಯಾಗಿ, ಏರಿದವರು ಬರೆದು ಕಳುಹಿಸಿದ ಸಾವಿರಾರು ಪತ್ರಗಳಿಗೆ ಆಕೆ ಉತ್ತರಿಸಿದರು. ನಂತರದ ಮೋಜಣಿಯಲ್ಲಿ ನಾಲ್ಕು ಶಿಖರಗಳು 4,000 ಅಡಿಗಿಂತ ತಗ್ಗೆಂದು ತಿಳಿದರೂ ಹಳೆಯ ಪಟ್ಟಿ ಬದಲಾಗಲಿಲ್ಲ. 3,820 ಅಡಿಯ ಕೌಚ್‌ಸಕ್ರಾಗಾ ಬೆಟ್ಟವನ್ನು ಜನ ಇಂದಿಗೂ ಏರುತ್ತಾರೆ.

ಆದರೆ ಪ್ರೀತಿಯೇ ಹೊರೆಯಾಗುವುದೂ ಉಂಟು. ಹಾದಿಯಿಲ್ಲದ ಶಿಖರಗಳ ತುದಿಯಲ್ಲಿ, ಬಂದವರು ಹೆಸರು ಬರೆಯಲೆಂದು ಲೋಹದ ಡಬ್ಬಿಗಳನ್ನು ಇರಿಸಲಾಗಿತ್ತು. ಅವುಗಳನ್ನು ಅರಸಿ ನಡೆದವರ ಕಾಲ್ತುಳಿತದಿಂದ ಒಂದೇ ಬೆಟ್ಟಕ್ಕೆ ಹಲವು ಜಾಡುಗಳು ಬಿದ್ದವು. ತೆಳುವಾದ ಮಣ್ಣು ಮಳೆಗೆ ಕೊಚ್ಚಿಹೋಯಿತು. ಕಡೆಗೆ ಸಂಘದವರೇ ಒಂದೊಂದು ಬೆಟ್ಟಕ್ಕೂ ಒಂದೇ ಜಾಡನ್ನು ಉಳಿಸಿ ಮಿಕ್ಕವನ್ನು ಮುಚ್ಚಲು ಶ್ರಮಿಸಿದರು. ಡಬ್ಬಿಗಳನ್ನೂ ತೆಗೆಯಲಾಯಿತು. ಹೆಸರು ಬರೆಯುವ ಸಂತೋಷವನ್ನು ಆರೋಹಿಗಳು ಕಾಡಿಗಾಗಿ ಬಿಟ್ಟುಕೊಟ್ಟರು.

ಈ ಕಾಡು ಇಂದಿಗೂ ಉಳಿದಿರುವುದಕ್ಕೆ ಹಿರಿಯರ ದೂರದೃಷ್ಟಿಯೂ ಕಾರಣ. ಅಲ್ಲಿನ ಸರ್ಕಾರಿ ಅರಣ್ಯವು ಸದಾ ಕಾಡಾಗಿಯೇ ಉಳಿಯಬೇಕೆಂದು ನ್ಯೂಯಾರ್ಕ್ ರಾಜ್ಯದ ಸಂವಿಧಾನದಲ್ಲಿ 1894ರಲ್ಲಿಯೇ ವಿಧಿಸಲಾಯಿತು. ಆ ವಿಧಿಯ ಪರವಾಗಿ ನಿಂತವರಲ್ಲಿ ಈ ಹುಡುಗರ ತಂದೆ, ನ್ಯಾಯವಾದಿ ಲೂಯಿ ಮಾರ್ಷಲ್ ಕೂಡ ಒಬ್ಬರು. ಮಗ ರಾಬರ್ಟ್ 1935ರಲ್ಲಿ ವನ್ಯಪ್ರದೇಶಗಳ ರಕ್ಷಣೆಗಾಗಿ ವೈಲ್ಡರ್‌ನೆಸ್ ಸೊಸೈಟಿಯನ್ನು ಸ್ಥಾಪಿಸಿದವರಲ್ಲಿ ಒಬ್ಬನಾಗಿ, 1939ರಲ್ಲಿ ಕೇವಲ ಮೂವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು. ತಂದೆ ಕಾನೂನಿನಿಂದ ಕಾಯ್ದುದನ್ನು ಮಗ ಕಾಲ್ನಡಿಗೆಯಿಂದ ಅರಿತು, ಅರಿತುದನ್ನು ಮುಂದಿನವರಿಗಾಗಿ ಕಾಯ್ದನು. ಹಿಂದೆ ಬರುವವನಿಗೂ ಹಾದಿಯಿಲ್ಲದ ಬೆಟ್ಟವೊಂದು ಉಳಿದಿರುವಂತೆ ನಡೆದುಕೊಳ್ಳುವುದು ಮುಂದೆ ನಡೆದವರ ಕರ್ತವ್ಯವಾಗಿದೆ.